ಕೊತ್ತಗೆರೆ ಸೀಮೆಯ ‘ಯೋಚ್ನೆ’: ಒಂದು ಅರ್ಥಮೀಮಾಂಸೆ

ಅಂತಃಕರಣವನ್ನು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ನಾಲ್ಕು ಪಾಲು ಮಾಡಿಕೊಟ್ಟ ವೇದಾಂತಿಗಳು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯತ್ತ ಸುಳಿದಂತಿಲ್ಲ. ಆ ನಾಲ್ವರ ಗೇಮೆಯನ್ನೂ ಇಲ್ಲಿ ‘ಯೋಚ್ನೆ’ ಒಂದೇ ಮಾಡುತ್ತದೆ.

ಮೊದಲು ವ್ಯುತ್ಪತ್ತಿ, ಅದಿಲ್ಲದೆ ಪ್ರಬಂಧಕ್ಕೆ ಮರ್ಯಾದೆಯಿಲ್ಲ. ಸಂಸ್ಕೃತದ ‘ಯುಜ್’ ಧಾತುವಿಗೆ ಕೂಡಿಸು, ನೊಗಕ್ಕೆ ಹೂಡು ಎಂದರ್ಥ. ಅದರಿಂದ ಯೋಜನೆ, ಅದು ಜನರ ಬಾಯಲ್ಲಿ ಸವೆದು ಯೋಚನೆ. ಜಕಾರ ಸರ್ಕಾರದ ಪಾಲಾಯಿತು, ಚಕಾರ ಪ್ರಜೆಗಳ ಪಾಲಿಗೆ ಬಂತು. ಹೇಮಾವತಿ ನೀರನ್ನು ಕುಣಿಗಲ್ಲಿಗೆ ತರುವ ಲಿಂಕ್ ಕೆನಾಲ್ ಕಡತದಲ್ಲಿರುವಾಗ ಯೋಜನೆ. 2025ರಲ್ಲಿ ಗುಬ್ಬಿ ಕಡೆಯವರು ಬೇಡವೆಂದು ಬೀದಿಗಿಳಿದಾಗ ಎರಡು ತಾಲ್ಲೂಕಿಗೂ ಯೋಚ್ನೆ. ಹಿಂದೆ ಯೋಜನವೆಂಬುದು ದೂರದ ಅಳತೆಯೂ ಆಗಿತ್ತು. ಅದು ಎಷ್ಟು ಮೈಲಿ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಾಲೆ ನೀರಿಗೆ ಕಾದವರನ್ನು ಕೇಳಬಹುದಿತ್ತು.

ವ್ಯಾಕರಣ ಇನ್ನೂ ಸ್ವಾರಸ್ಯ. ‘ಅವ್ನು ಯೋಚ್ನೆ ಮಾಡ್ತಾವ್ನೆ’ ಎಂಬಲ್ಲಿ ಮನುಷ್ಯ ಕರ್ತೃ. ‘ಅವ್ನಿಗೆ ಯೋಚ್ನೆ ಹತ್ಕಂಡೈತೆ’ ಎಂದೊಡನೆ ಯೋಚ್ನೆಯೇ ಕರ್ತೃಪಟ್ಟಕ್ಕೇರಿ, ಮನುಷ್ಯ ಚತುರ್ಥೀ ವಿಭಕ್ತಿಗೆ ಜಾರುತ್ತಾನೆ. ಜ್ವರ, ಹಸಿವು, ಆಕಳಿಕೆಗಳು ನಮ್ಮೊಳಗೆ ಹೊಗುವುದೂ ಈ ‘ಗೆ’ ಪ್ರತ್ಯಯದ ಬಾಗಿಲಿಂದಲೇ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿಭಕ್ತಿಗಳನ್ನೇನೋ ವಿಂಗಡಿಸಿದ. ಮಗಳ ಮದುವೆ ಗೊತ್ತಾದ ಮೇಲೆ ಕೊಬ್ಬರಿ ರೇಟು ಬಿದ್ದರೆ ಅಪ್ಪ ಯಾವ ವಿಭಕ್ತಿಯಲ್ಲಿರುತ್ತಾನೆಂದು ತಿಳಿಸಲಿಲ್ಲ.

ಇನ್ನು ಪ್ರಯೋಗ. ‘ಯೋಚ್ನೆ ಮಾಡ್‌ಬ್ಯಾಡ ಕಣಣ್ಣೋ, ನಾನಿಲ್ವಾ’ ಎಂದರೆ ಕೊಟ್ಟ ಸಾಲ ಈ ಸುಗ್ಗಿಗೆ ವಾಪಸು ಬರದು. ಹೆಣ್ಣು ನೋಡಲು ಬಂದವರು ಹೊಸ್ತಿಲು ದಾಟುತ್ತಾ ‘ಯೋಚ್ನೆ ಮಾಡಿ ಹೇಳ್ಕಳುಸ್ತೀವಿ ಕಣಣ್ಣ’ ಎಂದರೆ ಸಂಬಂಧ ಮುರಿದಿದೆ. ಉಪ್ಪಿಟ್ಟು ಕೇಸರಿಬಾತಿನ ಖರ್ಚನ್ನು ನಷ್ಟಕ್ಕೆ ಬರೆದುಕೊಳ್ಳಬೇಕು. ‘ಏನ್ಲಾ ಯೋಚ್ನೆ ಮಾಡ್ತಾ ಕುಂತಿದ್ದೀಯ?’ ಎಂಬುದಕ್ಕೆ ಶಾಸ್ತ್ರಸಮ್ಮತ ಉತ್ತರ ‘ಏನಿಲ್ಲ’. ಇದನ್ನು ಪತಂಜಲಿಯ ಚಿತ್ತವೃತ್ತಿನಿರೋಧವೆಂದು ಬಗೆಯುವುದು ದುಡುಕು. ಹಾಗೆಂದವನ ಚಿತ್ತ ಆಗ ಬ್ಯಾಂಕಿನ ನೋಟೀಸಿನ ಮೇಲೆ ಏಕಾಗ್ರವಾಗಿರುತ್ತದೆ.

ವಿಚಾರ ಮಾಡುವುದೆಂಬ ನಿಘಂಟಿನ ಅರ್ಥ? ಅದಕ್ಕೆ ಇಲ್ಲಿ ‘ತಲೆ ಓಡ್ಸು’ ಎಂಬ ಮಾತು ಬೇರೆಯೇ ಇದೆ. ಅದನ್ನು ಸಾಮಾನ್ಯವಾಗಿ ಇನ್ನೊಬ್ಬರಿಗೇ ಹೇಳುತ್ತಾರೆ.

ಈ ಸಿದ್ಧಾಂತಕ್ಕೆ ಪಂಡಿತರ ಆಕ್ಷೇಪಣೆಗಳಿದ್ದರೆ ಧಾರಾಳವಾಗಿ ಬರೆದು ಕಳಿಸಲಿ. ಯೋಚ್ನೆ ಮಾಡಿ ಹೇಳುತ್ತೇವೆ.