ಅಂಚುಪಟ್ಟಿಯ ಅಡಿ ಲೆಕ್ಕ

ಆರ್ಕೇಡ್ ಕ್ಯಾಬಿನೆಟ್ಟಿನ ಪಕ್ಕದ ಹಲಗೆಗಳ ಅಂಚು ಮುಚ್ಚುವ ಪ್ಲಾಸ್ಟಿಕ್ ಪಟ್ಟಿಗೆ ಟಿ-ಮೋಲ್ಡಿಂಗ್ ಎಂದು ಹೆಸರು. ಇದರ ತಲೆ ಹೊರಗೆ ಮಿರುಗುತ್ತದೆ; ಮುಳ್ಳುಮುಳ್ಳಾದ ಬಾಲ ಅಂಚಿನ ನಡುವೆ ಕೊರೆದ ಸೀಳಿನಲ್ಲಿ ಕಚ್ಚಿಕೊಳ್ಳುತ್ತದೆ. 1980ರ ಪ್ಯಾಕ್-ಮ್ಯಾನ್ ಕಾಲದಲ್ಲಿ, ನಾಣ್ಯ ನುಂಗಿ ಆಟ ಮುಗಿಸಿದ ಯಂತ್ರಕ್ಕೆ ಬೀಳುತ್ತಿದ್ದ ಒದೆಗಳಿಂದ ಹಲಗೆಯಂಚು ಚಕ್ಕೆ ಏಳದಂತೆ ಕಾಯುವುದೇ ಇದರ ಕೆಲಸ. ಮನೆಯಲ್ಲಿ ಕಟ್ಟಿದ ಯಂತ್ರಕ್ಕೆ ಒದೆಯುವವರು ಕಡಿಮೆ, ನೋಡಿ ಕೊಂಕು ತೆಗೆಯುವವರು ಹೆಚ್ಚು. ಆದ್ದರಿಂದ ಪಟ್ಟಿ ಇಲ್ಲಿಯೂ ಬೇಕೇ ಬೇಕು.

ಮೊದಲು ನೋಡಬೇಕಾದದ್ದು ಅಗಲ. ಅಮೆರಿಕದ ಮುಕ್ಕಾಲು ಇಂಚಿನ ಪಟ್ಟಿ ಎಂದರೆ 19 ಮಿ.ಮೀ.; ನಮ್ಮ ಪ್ಲೈವುಡ್ ಅಂಗಡಿಯ ಹಲಗೆ 18 ಮಿ.ಮೀ. ಒಂದೊಂದು ಬದಿಗೆ ಅರ್ಧ ಮಿ.ಮೀ. ಪಟ್ಟಿ ಹೊರಗೆ ಇಣುಕುತ್ತದೆ. ಹಲಗೆಗೆ ಲ್ಯಾಮಿನೇಟ್ ಅಂಟಿಸುವವರಿಗೆ ಈ ಚಿಂತೆ ತಾನಾಗಿಯೇ ತೀರುತ್ತದೆ.

ಉದ್ದದ ಲೆಕ್ಕದಲ್ಲೇ ಮಹನೀಯರು ಎಡವುವುದು. ಆರಡಿ ಎತ್ತರ, ಎರಡಡಿ ಅಗಲದ ಹಲಗೆ, ಸುತ್ತಳತೆ ಹದಿನಾರಡಿ, ನೆಲಕ್ಕೆ ಕೂರುವ ಎರಡಡಿ ಕಳೆದರೆ ಹದಿನಾಲ್ಕು. ಗಣಿತ ಸರಿಯಾಗಿದೆ, ಹಲಗೆ ಮಾತ್ರ ಆ ಆಕಾರದಲ್ಲಿಲ್ಲ. ಮುಂಬದಿಯಲ್ಲಿ ಹೆಸರಿನ ಫಲಕ ಮುಂದೆ ಚಾಚಿರುತ್ತದೆ, ಪರದೆ ಹಿಂದಕ್ಕೆ ವಾಲಿರುತ್ತದೆ, ಜಾಯ್‌ಸ್ಟಿಕ್ ಇರುವ ಭಾಗ ಹೊಟ್ಟೆಯಂತೆ ಹೊರಬಂದಿರುತ್ತದೆ. ಹೀಗೆ ಒಳಹೊಕ್ಕು ಹೊರಬರುವ ಅಂಚು ನೇರ ಅಂಚಿಗಿಂತ ಉದ್ದ. ಆರಡಿ ಎಂದುಕೊಂಡ ಮುಂಬದಿ ಏಳೂವರೆ ಅಡಿ ಆದರೆ ಅಚ್ಚರಿಯಿಲ್ಲ. ಹಲಗೆ ಕಡಿಯುವಾಗ ಚೂರಾಗಿ ಬಿದ್ದದ್ದರಿಂದ ಹಲಗೆ ಚಿಕ್ಕದಾಯಿತು, ಪಟ್ಟಿಯೂ ಕಡಿಮೆ ಸಾಕು ಎಂಬ ವಾದ ಕೇಳಲು ಸೊಗಸಾಗಿದೆ, ಅಷ್ಟೆ. ಟೇಪು ಮೂಲೆಗಳಲ್ಲಿ ತಕರಾರು ಮಾಡುವುದರಿಂದ ಒಂದು ದಾರವನ್ನು ಅಂಚಿನುದ್ದಕ್ಕೂ ಹಾಯಿಸಿ, ಆಮೇಲೆ ಆ ದಾರವನ್ನು ಅಳೆಯುವುದೇ ಮೇಲು.

ಒಂದು ಹಲಗೆಗೆ ಹದಿನೈದೂವರೆ ಅಡಿ ಬಂತೆನ್ನಿ, ಎರಡಕ್ಕೆ ಮೂವತ್ತೊಂದು. ಆದರೆ ಅಂಗಡಿಯಲ್ಲಿ ಮೂವತ್ತೊಂದು ಅಡಿ ಕೇಳಿ ತಂದರೆ ಸಾಲದು. ಒಂದು ಹಲಗೆಗೆ ಒಂದೇ ತುಂಡು ಸುತ್ತಬೇಕು. ನಡುವೆ ಬೆಸುಗೆ ಬಂದರೆ ಎಲ್ಲರ ಕಣ್ಣೂ ಅಲ್ಲಿಗೇ. ಇಪ್ಪತ್ತಡಿಯ ಸುರುಳಿಯಾದರೆ ಎರಡು ಬೇಕು. ಪ್ರತಿಯೊಂದರಲ್ಲೂ ನಾಲ್ಕೂವರೆ ಅಡಿ ಮಿಗುತ್ತದೆ. ಅದನ್ನು ಗುಂಡಿಗಳಿರುವ ಫಲಕದ ಅಂಚಿಗೆ ಬಳಸಬಹುದು. ಹಿಂಬದಿ ಗೋಡೆಗೆ ಆನಿಸುವುದಾದರೆ ಅಲ್ಲಿನ ಆರಡಿ ಬಿಡುವ ಜಾಣರಿದ್ದಾರೆ. ಯಂತ್ರ ಯಾವ ಗೋಡೆಗೂ ಸೇರದೆ ಹಾಲ್ ನಡುವೆ ನಿಂತ ದಿನ ಆ ಜಾಣತನ ಬಯಲಾಗುತ್ತದೆ.

ಮೂಲೆಗಳಿಗೆಂದು ಹೆಚ್ಚುವರಿ ಉದ್ದ ಸೇರಿಸುವುದು ಬೇಡ. ಹೊರಮೂಲೆಯಲ್ಲಿ ಬಾಲ ಮುದುಡುತ್ತದಾದ್ದರಿಂದ ಅಲ್ಲಿಂದ ತ್ರಿಕೋನದ ಚೂರೊಂದನ್ನು ಕತ್ತರಿಸಿ ತೆಗೆಯಬೇಕು. ಒಳಮೂಲೆಯಲ್ಲಿ ಬಾಲಕ್ಕೊಂದು ಸೀಳು ಕೊಟ್ಟರೆ ಸಾಕು. ತಲೆಯ ತಂಟೆಗೆ ಹೋಗಬಾರದು.

ಗೇಣುದ್ದ ಕಡಿಮೆ ಬಿದ್ದಾಗ ಪಟ್ಟಿಯನ್ನು ಎಳೆದು ಹೊಂದಿಸುವ ಆಸೆ ಹುಟ್ಟುತ್ತದೆ. ಪಟ್ಟಿಯೇನೋ ಬಗ್ಗುತ್ತದೆ, ಹಿಗ್ಗುತ್ತದೆ, ಸುತ್ತಿಗೆ ಏಟಿಗೆ ಶಾಂತವಾಗಿ ಕೂರುತ್ತದೆ. ಕೆಲವು ದಿನಗಳಲ್ಲಿ ಕುಗ್ಗಿ ತನ್ನ ಮೂಲ ಉದ್ದಕ್ಕೆ ಮರಳುತ್ತದೆ. ತುದಿಯಲ್ಲಿ ಹಲಗೆ ಹಲ್ಲು ಕಿರಿಯುತ್ತದೆ. ಆದ್ದರಿಂದ ಬುಡದ ಹಿಂಬದಿಯಿಂದ ಶುರುಮಾಡಿ, ಎಳೆಯದೆ ಒತ್ತುತ್ತಾ, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಸಾಗಬೇಕು. ಕೊನೆಗೆ ಉಳಿದ ಬಾಲಂಗೋಚಿಯನ್ನು ನೆಲದ ಮಟ್ಟಕ್ಕೆ ಕತ್ತರಿಸಬೇಕು.