ಹಿತಕಿದವರಿಗೇ ಸಾರು

ಡಿಸೆಂಬರ್ ಬಂತೆಂದರೆ ಲಗ್ಗೆರೆಯ ನಮ್ಮ ಬೀದಿಗೆ ಮಾಗಡಿ ಕಡೆಯ ಸೊಗಡವರೆ ಬಂತು ಅಂತಲೇ ಅರ್ಥ. ಬೆರಳಿಗೆ ಅಂಟಿದ ಆ ಘಮ ಸೋಪಿಗೂ ಬಗ್ಗದು. ಭಾನುವಾರ ಮನೆ ಮುಂದೆ ಚಾಪೆ ಹಾಸಿ, ರಾತ್ರಿ ನೆನೆಸಿಟ್ಟ ಕಾಳು ಸುರಿದರೆ ಸಾಕು, ಕರೆಯದೆಯೇ ಸಭೆ ಸೇರುತ್ತದೆ. ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದ ಪಕ್ಕದ ಮನೆಯಣ್ಣ ನಿದ್ದೆಗಣ್ಣಲ್ಲೇ ಹಿತಕುತ್ತಾನೆ. ಅವನು ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ಬಟ್ಟಲಿಗೆ. ನಾನು ಒತ್ತಿದರೆ ಎದುರು ಮನೆ ಅಜ್ಜಿಯ ಕಾಫಿ ಲೋಟಕ್ಕೆ.

"ಲೇ, ನಿಂದು ಕೈಯೋ ಕವಣೆಯೋ?" ಅಂದರು ಅಜ್ಜಿ. ಕಾಫಿ ಮಾತ್ರ ಬಿಡಲಿಲ್ಲ.

ಹಿತಕಿದ ಬೇಳೆ ಪ್ಯಾಕೆಟ್ಟಿನಲ್ಲೂ ಸಿಗುತ್ತದೆ, ಅದರೊಳಗೆ ಬೀದಿ ಸಮಾಚಾರ ಇರುವುದಿಲ್ಲ ಅಷ್ಟೆ. ಮುದ್ದೆ, ಸಾರು ಮಧ್ಯಾಹ್ನ 2 ಗಂಟೆಗೆ. ಉಣ್ಣಲು ಬರುವವರು 11ಕ್ಕೇ ಬಂದು ಚಾಪೆ ಮೇಲೆ ಕೂತುಬಿಡಿ.