ಹಿಂದಿನ ಶಿಲ್ಕು

ಬೆಳಿಗ್ಗೆ ಆರೂವರೆಗೆ ಬೇಲಿ ಹತ್ತಿರ ಹೋದರೆ ಪಕ್ಕದ ಮನೆ ರಾಯರು ಇದ್ದೇ ಇರುತ್ತಾರೆ. ದಾಸವಾಳದ ಗಿಡ ನಮ್ಮ ಕಡೆಯದು, ಹೂವು ಬಿಡುವುದು ಹೆಚ್ಚಾಗಿ ಅವರ ಕಡೆ. ಪೂಜೆಗೆ ಹೂ ಕಿತ್ತು ಬುಟ್ಟಿಗೆ ಹಾಕಿಕೊಳ್ಳುತ್ತ ಅವರೊಂದು ಮಾತು ತೆಗೆಯುತ್ತಾರೆ, ನಾನೊಂದು ಸೇರಿಸುತ್ತೇನೆ, ನನ್ನ ಕೈಲಿರುವ ಕಾಫಿ ಆರುವವರೆಗೆ ಸಾಗುತ್ತದೆ. ಮೊನ್ನೆ ಭಾನುವಾರ ಅವರ ಮುಖದಲ್ಲಿ ಸ್ವಲ್ಪ ಕಳವಳ ಇತ್ತು.

"ಏನಪ್ಪಾ, ರಾತ್ರಿ ಹನ್ನೊಂದರ ತನಕ ಅಪ್ಪ ಮಗಳು ವಾದ ಮಾಡ್ತಿದ್ರಿ. 'ಅವನನ್ನ ಕೊಲ್ಲಬೇಡ ಕಣೇ' ಅಂತ ನೀನು ಅಂದಿದ್ದು ಕೇಳಿಸ್ತು. ಏನು ಸಮಾಚಾರ?"

"ಆಟದ ವಿಷಯ ರಾಯರೇ. ರೆಕ್ಸ್ ಅಂತ ಒಬ್ಬನಿದ್ದಾನೆ. ಅವಳು ಈಗ ಅವನ ಹತ್ತಿರ ಬಂದು ನಿಂತಿದ್ದಾಳೆ."

ಹೂ ಕೀಳುವ ಕೈ ನಿಂತಿತು. ಹೇಳು ಎಂದು ಅದರ ಅರ್ಥ. ಹೇಳಿದೆ.

ಆಟದ ಹೆಸರು ಮಾಸ್ ಎಫೆಕ್ಟ್. ಕೆನಡಾದ ಎಡ್ಮಂಟನ್ ಊರಿನ ಬಯೋವೇರ್ ಕಂಪನಿ ಮಾಡಿದ್ದು. ಆಡುವವರು ಶೆಪರ್ಡ್ ಎಂಬ ಸೇನಾಧಿಕಾರಿಯ ಪಾತ್ರ ವಹಿಸಬೇಕು, ಹೆಣ್ಣಾದರೂ ಸರಿ ಗಂಡಾದರೂ ಸರಿ. ನಕ್ಷತ್ರಗಳ ನಡುವೆ ಹಡಗಿನಲ್ಲಿ ತಿರುಗುವಾಗ ಜೊತೆಗೆ ಬೇರೆ ಬೇರೆ ಕುಲದವರು ಇರುತ್ತಾರೆ. ರೆಕ್ಸ್ ಕ್ರೋಗನ್ ಕುಲದ ಮುದಿ ಯೋಧ. ಆ ಕುಲಕ್ಕೆ ಬೇರೆ ಕುಲದ ವಿಜ್ಞಾನಿಗಳು ಹಿಂದೊಮ್ಮೆ ಒಂದು ರೋಗ ಅಂಟಿಸಿದ್ದರು. ಅದರ ಹೆಸರು ಜೀನೋಫೇಜ್. ಅದು ತಗುಲಿದ ಮೇಲೆ ಅವರಲ್ಲಿ ಸಾವಿರಕ್ಕೊಂದು ಕೂಸು ಮಾತ್ರ ಜೀವದಿಂದ ಹುಟ್ಟುತ್ತದೆ. ವರ್ಮೈರ್ ಎಂಬ ಗ್ರಹದಲ್ಲಿ ಶತ್ರು ಅದಕ್ಕೆ ಮದ್ದು ಕಂಡುಹಿಡಿದಿದ್ದಾನೆ, ಆ ಜಾಗವನ್ನೇ ನಾವು ಉಡಾಯಿಸಬೇಕು. ಕುಲದ ಮದ್ದು ಸುಟ್ಟುಹೋಗುತ್ತದೆ ಎಂದು ಗೊತ್ತಾದಾಗ ರೆಕ್ಸ್ ಬಂದೂಕು ತಿರುಗಿಸಿ ನಿಲ್ಲುತ್ತಾನೆ. ಮಾತಿನ ಬಲ ಇದ್ದರೆ ಸಮಾಧಾನ ಮಾಡಬಹುದು. ಕಳೆದುಹೋದ ಅವನ ಮನೆತನದ ಕವಚವನ್ನು ಮೊದಲೇ ಹುಡುಕಿ ಕೊಟ್ಟಿದ್ದರೆ ಆ ಉಪಕಾರ ನೆನೆದು ಇಳಿಯುತ್ತಾನೆ. ಎರಡೂ ಇಲ್ಲದಿದ್ದರೆ ಅವನು ಅಲ್ಲೇ ಬೀಳುತ್ತಾನೆ.

"ಸತ್ತರೆ ಏನಾಯ್ತು? ಮತ್ತೆ ಮೊದಲಿಂದ ಆಡಿದ್ರೆ ಎದ್ದು ಬರ್ತಾನಲ್ಲ."

"ಇದು ಮೂರು ಆಟದ ಕಥೆ ರಾಯರೇ. ಮೊದಲನೇದು 2007ರಲ್ಲಿ ಬಂತು, ಎರಡನೇದು 2010ರಲ್ಲಿ, ಮೂರನೇದು 2012ರಲ್ಲಿ. ಮೊದಲನೇದರ ಕೊನೇಲಿ ಯಾರು ಇದ್ದರು, ಯಾರು ಹೋದರು, ಯಾರಿಗೆ ಏನು ಮಾತು ಕೊಟ್ಟಿದ್ವಿ, ಎಲ್ಲಾ ಒಂದು ಫೈಲಲ್ಲಿ ಉಳಿಯತ್ತೆ. ಎರಡನೇ ಆಟ ಶುರುವಾಗೋ ಮುಂಚೆ ಆ ಫೈಲ್ ಕೇಳತ್ತೆ."

"ಅಖೈರು ಶಿಲ್ಕು ಅನ್ನು!" ರಾಯರ ಮುಖ ಅರಳಿತು. ಅವರು ಸಹಕಾರಿ ಬ್ಯಾಂಕೊಂದರಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದವರು. "ಈ ದಿನದ ಅಖೈರು ಶಿಲ್ಕೇ ನಾಳೆಯ ಆರಂಭ ಶಿಲ್ಕು. ಒಂದು ಪೈಸೆ ಆಚೀಚೆ ಆಗೋ ಹಾಗಿಲ್ಲ."

ಇಷ್ಟು ವರ್ಷದಲ್ಲಿ ಈ ವಿಷಯವನ್ನು ನನಗೆ ಯಾರೂ ಇಷ್ಟು ಸರಿಯಾದ ಮಾತಿನಲ್ಲಿ ಹೇಳಿರಲಿಲ್ಲ. ಫೈಲಿನ ಒಳಗಿರುವುದೂ ಅದೇ ತಾನೆ. ರೆಕ್ಸ್ ಇದ್ದಾನೆಯೇ, ಹೌದು ಅಥವಾ ಇಲ್ಲ. ನೋವೇರಿಯಾ ಗ್ರಹದ ಹಿಮದಲ್ಲಿ ಸೆರೆಸಿಕ್ಕ ರಾಕ್ನೈ ಕುಲದ ರಾಣಿಯನ್ನು ಬಿಟ್ಟೆಯಾ, ಕೊಂದೆಯಾ. ಸಾಲು ಸಾಲು ನಮೂದುಗಳು. ಮೊದಲ ಆಟದಲ್ಲಿ ಮೇಲಿನ ಮಟ್ಟ ಮುಟ್ಟಿದ್ದರೆ ಎರಡನೆಯದರ ಆರಂಭದಲ್ಲಿ ಒಂದಿಷ್ಟು ಹಣ, ಒಂದಿಷ್ಟು ಖನಿಜ ಕೈಗೆ ಸಿಗುತ್ತದೆ. ಅದಕ್ಕಾಗಿ ಯಾರೂ ಫೈಲು ಕಾಪಾಡುವುದಿಲ್ಲ, ಜಮೆಯ ಆಸೆ ಅಲ್ಲ ಅದು. ಮಾಡಿದ ಖರ್ಚನ್ನು ಯಾರೋ ಬರೆದಿಟ್ಟುಕೊಂಡಿದ್ದಾರೆ, ಒಂದು ದಿನ ಎದುರಿಗೆ ತೆರೆದು ತೋರಿಸುತ್ತಾರೆ ಎಂಬ ಭಾವನೆ.

"ಇದೇನು ಹೊಸ ಪದ್ಧತಿಯಾ?" ಎಂದರು. ಅಲ್ಲ. 1981ರಲ್ಲಿ ವಿಝರ್ಡ್ರಿ ಬಂತು. ಮಾರನೇ ವರ್ಷ ಬಂದ ಎರಡನೇ ಭಾಗಕ್ಕೆ ಮೊದಲನೆಯದರಲ್ಲಿ ಬೆಳೆಸಿದ ಪಾತ್ರಗಳನ್ನೇ ಫ್ಲಾಪಿಯಿಂದ ತರಬೇಕಿತ್ತು. ಆದರೆ ಅಲ್ಲಿ ಬರುತ್ತಿದ್ದದ್ದು ಶಕ್ತಿ, ಸಾಮರ್ಥ್ಯ. ಜಪಾನಿನ ಸುಯ್ಕೊಡೆನ್ ಎರಡನೇ ಭಾಗದಲ್ಲಿ, 1998ರಲ್ಲಿ, ಹಳೆಯ ಆಟದ ನಾಯಕನೇ ಬಂದು ಹೊಸ ನಾಯಕನ ಪಕ್ಕ ನಿಲ್ಲುತ್ತಿದ್ದ. ಹಳೆಯ ಫೈಲು ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡಿದ್ದವರಿಗೆ ಮಾತ್ರ. ಪಾಪಪುಣ್ಯವನ್ನೂ ಹೊತ್ತು ಮೂರು ಆಟ ನಡೆದದ್ದು ಅಂತ ನಾನು ಕಂಡದ್ದು ಮಾಸ್ ಎಫೆಕ್ಟ್‌ನಲ್ಲಿ.

ನನ್ನ ಫೈಲು ಹೋದ ಕಥೆಯನ್ನೂ ಅವತ್ತು ಹೇಳಿದೆ. 2008ರಲ್ಲಿ ಮೊದಲನೆಯದು ಕಂಪ್ಯೂಟರಿಗೆ ಬಂದಾಗ ಆಡಿ ಮುಗಿಸಿದ್ದೆ. ರೆಕ್ಸ್ ಬದುಕಿದ್ದ, ರಾಣಿಯನ್ನು ಬಿಟ್ಟಿದ್ದೆ. ಎರಡನೆಯದು ಬರುವ ಹೊತ್ತಿಗೆ ಕಂಪ್ಯೂಟರ್ ಕೆಟ್ಟಿತು. ರಿಪೇರಿಗೆ ಕೊಟ್ಟೆ. ಅಂಗಡಿಯ ಹುಡುಗ ಒಂದು ಮಾತು ಕೇಳದೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟ. ಫೈಲಿಲ್ಲದೆಯೇ ಎರಡನೇ ಆಟ ಶುರು ಮಾಡಿದೆ. ಏನಾಗುತ್ತದೆ, ಹೆಚ್ಚೆಂದರೆ ಅದು ನನ್ನನ್ನು ಗುರುತು ಹಿಡಿಯುವುದಿಲ್ಲ ಅಷ್ಟೇ ಎಂದುಕೊಂಡಿದ್ದೆ. ಟುಚಾಂಕಾ ಎಂಬ ಕ್ರೋಗನ್ನರ ಗ್ರಹಕ್ಕೆ ಹೋದೆ. ನಾಯಕನ ಕಲ್ಲಿನ ಆಸನದಲ್ಲಿ ರೆಕ್ಸ್ ಬದಲು ಬೇರೊಬ್ಬ ಕೂತಿದ್ದ. ಅವನು ರೀವ್, ರೆಕ್ಸ್‌ನ ಸೋದರ. ರೆಕ್ಸ್ ವರ್ಮೈರ್‌ನಲ್ಲೇ ಸತ್ತಿದ್ದ.

ಫೈಲು ಕೊಡದವರಿಗೆ ಆಟ ತಾನೇ ಒಂದು ಹಿಂದಿನ ಕಥೆ ಹಚ್ಚುತ್ತದೆ. ಅದರಲ್ಲಿ ರೆಕ್ಸ್ ಸತ್ತಿದ್ದಾನೆ, ರಾಣಿ ಸತ್ತಿದ್ದಾಳೆ, ಎಲ್ಲ ಕುಲಗಳ ಮೇಲಿನ ಆಡಳಿತ ಪರಿಷತ್ತಿನ ಹಿರಿಯರು ಸತ್ತಿದ್ದಾರೆ. ಬೇರೆ ಯಾರದೋ ಖಾತೆ ನನ್ನ ಹೆಸರಿಗೆ ಬಂದು ಕೂತಿತ್ತು. ನಾನು ಮಾಡದ ಕೊಲೆಗೆ ನಾನು ಉತ್ತರ ಹೇಳಬೇಕು. ಅವತ್ತು ರಾತ್ರಿ ಆಟ ಮುಚ್ಚಿಟ್ಟವನು ಮಾರನೇ ದಿನ ಮೊದಲನೆಯದನ್ನು ಮತ್ತೆ ಹಾಕಿಕೊಂಡು ಕೂತೆ. ತಿಂಗಳೊಂದು ಹಿಡಿಯಿತು. ಅದೇ ಮಾತು, ಅದೇ ಕವಚ, ಅದೇ ವರ್ಮೈರ್. ಮತ್ತೆ ಟುಚಾಂಕಾಗೆ ಹೋದಾಗ ರೆಕ್ಸ್ ಆಸನದಿಂದ ಎದ್ದು, ಅಡ್ಡ ನಿಂತವರನ್ನು ಸರಿಸಿ ಬಂದು ಕೈ ಹಿಡಿದ. ಅಷ್ಟೇ. ಇಡೀ ದೃಶ್ಯ ಒಂದೆರಡು ನಿಮಿಷ ಇರಬಹುದು. ಆ ಎರಡು ನಿಮಿಷಕ್ಕೆ ಒಂದು ತಿಂಗಳು ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ತೃಪ್ತಿ ಇದೆ.

"ಲೆಕ್ಕ ಅಂದ್ಮೇಲೆ ತಪ್ಪು ನಮೂದೂ ಆಗಿರಬೇಕಲ್ಲ?" ಎಂದರು ರಾಯರು. ಕಸುಬಿನವರ ಪ್ರಶ್ನೆ. ಆಗಿತ್ತು! ಮೊದಲ ಆಟದಲ್ಲಿ ಕಾನ್ರಾಡ್ ವರ್ನರ್ ಎಂಬ ಒಬ್ಬ ಅಭಿಮಾನಿ ಶೆಪರ್ಡ್‌ನ ಹಿಂದೆ ಬೀಳುತ್ತಾನೆ. ನಯವಾಗಿ ಮನೆಗೆ ಕಳಿಸಬಹುದು, ಮುಖಕ್ಕೆ ಬಂದೂಕು ಹಿಡಿದು ಹೆದರಿಸಲೂಬಹುದು. ಎರಡನೇ ಆಟ ಈ ಒಂದು ಸಾಲನ್ನು ತಪ್ಪಾಗಿ ಓದುತ್ತಿತ್ತು. ಎಷ್ಟು ನಯವಾಗಿ ಕಳಿಸಿದ್ದರೂ ಕಾನ್ರಾಡ್ ಬಂದು, ನೀನು ನನ್ನ ಮುಖಕ್ಕೆ ಬಂದೂಕು ಹಿಡಿದಿದ್ದೆ ಎನ್ನುತ್ತಿದ್ದ. ಮಾಡದ ತಪ್ಪು ಹೊರಿಸಿದರು ಎಂದು ಆಡಿದವರು ನೊಂದುಕೊಂಡರು. ಮೂರನೇ ಆಟದಲ್ಲಿ ಕಾನ್ರಾಡ್ ಮತ್ತೆ ಸಿಗುತ್ತಾನೆ. ಅವತ್ತು ಹಾಗೆ ಹೇಳಿದ್ದಕ್ಕೆ ಕ್ಷಮೆ ಕೇಳುತ್ತಾನೆ, ಮನಸ್ಸು ಸರಿ ಇರಲಿಲ್ಲ ಎನ್ನುತ್ತಾನೆ.

ರಾಯರು ತಲೆದೂಗಿದರು. "ಸರಿಯಾಗಿ ಮಾಡಿದ್ದಾರೆ. ದಿನವಹೀಲಿ ತಪ್ಪಾದ್ರೆ ಅಳಿಸೋ ಹಾಗಿಲ್ಲ, ಹರಿಯೋ ಹಾಗಿಲ್ಲ. ಎಲ್ಲರಿಗೂ ಕಾಣೋ ಹಾಗೆ ಇನ್ನೊಂದು ನಮೂದು ಹಾಕಿ ಸರಿಪಡಿಸಬೇಕು."

ಈ ಲೆಕ್ಕದಲ್ಲಿ ನನ್ನನ್ನು ಬಹಳ ಕಾಲ ಕಾಡಿದ್ದು ಮಾರ್ಡಿನ್. ಸಲಾರಿಯನ್ ಕುಲದ ವಿಜ್ಞಾನಿ, ಮಾತು ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಜೀನೋಫೇಜ್ ದುರ್ಬಲವಾಗುತ್ತ ಬಂದಾಗ ಅದನ್ನು ಮತ್ತೆ ಗಟ್ಟಿ ಮಾಡಿದವರಲ್ಲಿ ಅವನೂ ಒಬ್ಬ. ಎರಡನೇ ಆಟದಲ್ಲಿ ಅವನ ಹಳೆಯ ಶಿಷ್ಯ ಟುಚಾಂಕಾದಲ್ಲಿ ಕ್ರೋಗನ್ನರ ಮೇಲೆ ಘೋರ ಪ್ರಯೋಗ ಮಾಡಿ ಮದ್ದು ಹುಡುಕುತ್ತಿರುತ್ತಾನೆ. ಆ ಟಿಪ್ಪಣಿಗಳನ್ನು ಇಟ್ಟುಕೊಳ್ಳಬೇಕೇ, ನಾಶ ಮಾಡಬೇಕೇ ಎಂದು ಮಾರ್ಡಿನ್ ನಮ್ಮನ್ನು ಕೇಳುತ್ತಾನೆ. ಇಟ್ಟುಕೊಂಡರೆ, ಮೂರನೇ ಆಟದಲ್ಲಿ ಮದ್ದಿಗೆ ಆಧಾರವಾದ ಕ್ರೋಗನ್ ಹೆಂಗಸು ಬದುಕುತ್ತಾಳೆ. ನಾಶ ಮಾಡಿದರೆ ಅವಳು ಉಳಿಯುವುದಿಲ್ಲ. ಕೊನೆಗೆ ಮದ್ದು ಗಾಳಿಗೆ ಬಿಡಲು ಯಾರಾದರೊಬ್ಬರು ಕುಸಿಯುತ್ತಿರುವ ಗೋಪುರದ ಮೇಲಕ್ಕೆ ಹೋಗಬೇಕು, ಮಾರ್ಡಿನ್ ಹೋಗುತ್ತಾನೆ. ಒಳಗೊಳಗೇ ಮದ್ದನ್ನು ಕೆಡಿಸಿಬಿಡು ಎಂದು ಅವನ ಕುಲದ ಒಡತಿ ನಮಗೆ ಆಮಿಷ ಒಡ್ಡಿರುತ್ತಾಳೆ.

ಈಗ ಲೆಕ್ಕ ಕೂಡಿಸಿ ನೋಡಿ. ರೆಕ್ಸ್ ಬದುಕಿದ್ದರೆ ಮಾರ್ಡಿನ್ ಸಾಯಲೇಬೇಕು. ಒಂದೋ ಗೋಪುರದಲ್ಲಿ ತಾನೇ ಪ್ರಾಣ ಕೊಡುತ್ತಾನೆ, ಇಲ್ಲವೇ ಮದ್ದು ಬಿಡದಂತೆ ತಡೆಯಲು ನಾವೇ ಅವನ ಬೆನ್ನಿಗೆ ಗುಂಡು ಹೊಡೆಯಬೇಕು. ಮಾರ್ಡಿನ್ ಬದುಕುವ ದಾರಿ ಒಂದೇ. 2007ರ ಆಟದಲ್ಲಿ ರೆಕ್ಸ್ ಸತ್ತಿರಬೇಕು, 2010ರದರಲ್ಲಿ ಆ ಟಿಪ್ಪಣಿಗಳು ನಾಶವಾಗಿರಬೇಕು. ಆಗ ಕುಲ ರೀವ್‌ನ ಕೈಯಲ್ಲಿರುತ್ತದೆ, ತಡೆಯುವ ಹೆಂಗಸೂ ಇಲ್ಲ. ಇಂಥವನ ಕೈಗೆ ಮದ್ದು ಕೊಟ್ಟರೆ ಯುದ್ಧ ಎಂದು ಮಾರ್ಡಿನ್‌ನನ್ನು ಒಪ್ಪಿಸಿ ಹಿಂದಕ್ಕೆ ಕಳಿಸಬಹುದು. ನನ್ನ ಸ್ನೇಹಿತನೊಬ್ಬ ರೆಕ್ಸ್‌ನನ್ನು ಕಳೆದುಕೊಂಡಿದ್ದ, ಮಾರ್ಡಿನ್‌ನನ್ನು ಉಳಿಸಿಕೊಂಡ. ನಾನು ರೆಕ್ಸ್‌ಗಾಗಿ ತಿಂಗಳು ಸವೆಸಿದವನು, ಮಾರ್ಡಿನ್ ಮೇಲಕ್ಕೆ ಹೋಗುವುದನ್ನು ನಿಂತು ನೋಡಿದೆ. ನಾನು ಮಾಡಿದ ಒಳ್ಳೆಯ ಕೆಲಸದ ಬೆಲೆಯನ್ನು ಎರಡು ಆಟದ ನಂತರ ಇನ್ನೊಬ್ಬ ತೆತ್ತ. ಆ ಹೊತ್ತಿನಲ್ಲಿ ಪರದೆಯ ಮೇಲೆ ಯಾವ ಲೆಕ್ಕವೂ ಮೂಡುವುದಿಲ್ಲ. ನಮಗೆ ನಾವೇ ಹಿಂದಕ್ಕೆ ಹೋಗಿ ಕೂಡಿಸಿಕೊಳ್ಳಬೇಕು.

ಕಾಫಿ ಆರಿತ್ತು. ರಾಯರು ಬೇಲಿಗೆ ಒರಗಿ ನಿಂತಿದ್ದರು.

"ಎಲ್ಲಾ ನಿರ್ಧಾರಕ್ಕೂ ಹೀಗೇ ಎರಡೆರಡು ಕಥೆ ಬರೆದಿದ್ದಾರಾ?"

ಎಲ್ಲದಕ್ಕೂ ಬರೆಯಲು ಯಾರಿಂದಲೂ ಆಗದು. ಹತ್ತು ನಿರ್ಧಾರ, ಒಂದೊಂದಕ್ಕೆ ಎರಡು ದಾರಿ ಎಂದರೆ 1024 ಬಗೆ. ಪ್ರತಿಯೊಂದಕ್ಕೂ ಮಾತು ಬರೆಯಬೇಕು, ಕಲಾವಿದರನ್ನು ಕರೆಸಿ ದನಿ ಕೊಡಿಸಬೇಕು. ಎರಡನೇ ಆಟದ ಕೊನೆಯಲ್ಲಿ ಜೊತೆಗಾರರಲ್ಲಿ ಯಾರು ಬೇಕಾದರೂ ಸಾಯಬಹುದು. ಆದ್ದರಿಂದಲೇ ಮೂರನೆಯದರಲ್ಲಿ ಅವರಲ್ಲಿ ಹೆಚ್ಚಿನವರು ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ. ಸತ್ತವರ ಜಾಗಕ್ಕೆ ಬದಲಿ ಪಾತ್ರಗಳು ಬರುತ್ತವೆ. ರಾಕ್ನೈ ರಾಣಿಯನ್ನು ಕೊಂದಿದ್ದರೂ ಮೂರನೇ ಆಟದಲ್ಲಿ ರಾಣಿಯೊಬ್ಬಳು ಇದ್ದೇ ಇರುತ್ತಾಳೆ, ಶತ್ರುಗಳು ಸೃಷ್ಟಿಸಿದ ಕೃತಕ ರಾಣಿ. ಎಷ್ಟೋ ಜನ ಇದನ್ನು ಮೋಸ ಎಂದರು. ನನಗೆ ಹಾಗನಿಸಲಿಲ್ಲ. ತಾಳಮದ್ದಳೆಯಲ್ಲಿ ಕರ್ಣ ಎಷ್ಟು ವಾದಿಸಿದರೂ ಬೀಳುವುದು ತಪ್ಪದು, ಹೇಗೆ ಬಿದ್ದ ಎಂಬುದನ್ನು ಕೇಳಲು ಜನ ಬೆಳಗಿನ ತನಕ ಕೂರುತ್ತಾರೆ. ಇಲ್ಲೂ ದೃಶ್ಯ ಒಂದೇ ಆದರೂ ನಾವು ಹಿಂದೆ ಬಿಟ್ಟ ರಾಣಿ ಕೊಟ್ಟ ಮಾತು ಉಳಿಸಿಕೊಳ್ಳುತ್ತಾಳೆ, ಕೃತಕ ರಾಣಿಯನ್ನು ನಂಬಿದರೆ ಕೈಕೊಡುತ್ತಾಳೆ. ಅಷ್ಟು ವ್ಯತ್ಯಾಸ ನನಗೆ ಸಾಕು.

ಸಾಲದ್ದು ಯಾವುದು ಎಂದರೆ ಕೇಳುವುದನ್ನೇ ಬಿಡುವುದು. ಅದೇ ಕಂಪನಿಯ ಡ್ರ್ಯಾಗನ್ ಏಜ್ ಸರಣಿಯಲ್ಲಿ ಹೀಗಾಯಿತು. 2014ರಲ್ಲಿ ಹೊಸ ಯಂತ್ರಗಳಿಗೆ ಹಳೆಯ ಫೈಲು ದಾಟಿಸುವುದು ಕಷ್ಟವಾದಾಗ, ಹಿಂದಿನ ಎರಡು ಆಟದಲ್ಲಿ ಏನೇನು ಮಾಡಿದೆ ಎಂದು ನಾವೇ ಕೂತು ತುಂಬಲು ಒಂದು ವ್ಯವಸ್ಥೆ ಮಾಡಿಕೊಟ್ಟರು. ಹಳೆಯದನ್ನೆಲ್ಲ ನೆನೆದು ನೆನೆದು ತುಂಬಿದ್ದು ಒಂದು ಹಬ್ಬದಂತಿತ್ತು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್ ಕೊನೆಯಲ್ಲಿ, ಸರಣಿಯ ಮುಂದಿನ ಆಟ ದಿ ವೇಲ್‌ಗಾರ್ಡ್ ಬಂತು. ಕೇಳಿದ್ದು ಮೂರೇ ಪ್ರಶ್ನೆ. ಯಾರನ್ನು ಪ್ರೀತಿಸಿದ್ದೆ, ನಿನ್ನ ಪಡೆಯನ್ನು ವಿಸರ್ಜಿಸಿದೆಯಾ, ಹಳೆಯ ಜೊತೆಗಾರ ಸೋಲಸ್‌ನ ಬಗ್ಗೆ ಏನು ಶಪಥ ಮಾಡಿದೆ. ಯಾರನ್ನು ಧರ್ಮಪೀಠದಲ್ಲಿ ಕೂರಿಸಿದೆ ಎಂದು ಕೇಳಲಿಲ್ಲ. ಹೊಸಬರಿಗೆ ಹೊರೆಯಾಗಬಾರದು ಎಂಬ ಯೋಚನೆ ನನಗೆ ಅರ್ಥವಾಗುತ್ತದೆ. ಆದರೂ ದೂರದೂರಿಂದ ಬಂದ ನೆಂಟರು ಮನೆಯವರಲ್ಲಿ ಯಾರ ಯೋಗಕ್ಷೇಮವನ್ನೂ ಕೇಳದೆ ಎದ್ದುಹೋದಂತೆ ಆಯಿತು.

ಪೋಲೆಂಡಿನವರ ವಿಚರ್ ಮೂರನೇ ಭಾಗ ಇದಕ್ಕಿಂತ ಚೆನ್ನಾಗಿ ನಿಭಾಯಿಸಿತು. ಹಳೆಯ ಫೈಲಿಲ್ಲದಿದ್ದರೆ ಕಥಾನಾಯಕನಿಗೆ ಅರಮನೆಯಲ್ಲಿ ಕ್ಷೌರ ಮಾಡಿಸುತ್ತ ಸೇನಾಪತಿಯೊಬ್ಬ ಹಿಂದಿನದನ್ನು ವಿಚಾರಿಸುತ್ತಾನೆ. ನಾವು ಕೊಟ್ಟ ಉತ್ತರವೇ ಇತಿಹಾಸ. ವಿಚಾರಣೆಯೂ ಕಥೆಯ ಒಳಗೇ ನಡೆಯುವುದು ಎಷ್ಟು ಸೊಗಸು.

"ಕೊನೇಗೆ ನಿನ್ನ ಲೆಕ್ಕ ಚುಕ್ತಾ ಆಯ್ತಾ?"

ಮಾಸ್ ಎಫೆಕ್ಟ್ ಮೂರರ ಕೊನೆಯ ಹತ್ತು ನಿಮಿಷ ಬಹಳ ಜನರಿಗೆ ಹಿಡಿಸಲಿಲ್ಲ. ಐದು ವರ್ಷ ಹೊತ್ತು ತಂದದ್ದನ್ನೆಲ್ಲ ಬದಿಗಿಟ್ಟು ಮೂರು ದಾರಿಯಲ್ಲಿ ಒಂದನ್ನು ಆರಿಸಿಕೋ ಎಂದಿತು ಎಂದು ಸಿಟ್ಟಾದರು. ಕಂಪನಿ 2012ರ ಜೂನ್‌ನಲ್ಲಿ ಮುಕ್ತಾಯವನ್ನು ಹಿಗ್ಗಿಸಿ ಬರೆದುಕೊಟ್ಟಿತು. ನನಗೆ ಆ ಸಿಟ್ಟು ಬರಲಿಲ್ಲ. ಮಾರ್ಡಿನ್ ಗೋಪುರವೇರಿದ ದಿನವೇ ನನ್ನದು ಚುಕ್ತಾ ಆಗಿತ್ತು.

ರಾಯರು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮಗಳು ಆಡುತ್ತಿರುವುದು 2021ರಲ್ಲಿ ಮೂರನ್ನೂ ಸೇರಿಸಿ ತಂದ ಆವೃತ್ತಿ. ಅವಳಿಗೆ ಎರಡು ವರ್ಷ ಕಾಯುವ ಕೆಲಸವಿಲ್ಲ, ಫೈಲು ಕಳೆಯುವ ಭಯವಿಲ್ಲ. ರಾತ್ರಿ ವರ್ಮೈರ್ ಮುಗಿಸಿದರೆ ಮುಂದಿನ ತಿಂಗಳು ಟುಚಾಂಕಾ. ಕವಚ ಹುಡುಕಿದ್ದೀಯಾ ಎಂದು ಕೇಳಿದ್ದಕ್ಕೇ ಶನಿವಾರ ಜಗಳವಾಗಿದ್ದು. "ಅಪ್ಪಾ, ಇದು ನನ್ನ ಆಟ" ಎಂದು ಬಾಗಿಲು ಹಾಕಿಕೊಂಡಿದ್ದಳು. ಅವಳು ಹೇಳಿದ್ದು ನ್ಯಾಯ.

ಸೋಮವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಅವಳೇ ಬೇಲಿ ಹತ್ತಿರ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ರಾಯರು ನನಗಿಂತ ಮೊದಲು ಕೇಳಿದರು.

"ಏನಮ್ಮಾ, ಆ ಮುದುಕನ್ನ ಉಳಿಸಿದೆಯಾ?"

"ಉಳಿಸಿದೆ ತಾತ. ಕವಚ ಕೊಟ್ಟಿದ್ದೆ, ಅವನು ಬಂದೂಕು ಇಳಿಸಿದ." ಬ್ರಷ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಆಮೇಲೆ ಅದೇ ಜಾಗದಲ್ಲಿ ಇನ್ನೊಂದು ಬಂತು. ನನ್ನ ಕಡೆಯವರಿಬ್ರು ಬೇರೆ ಬೇರೆ ಕಡೆ ಸಿಕ್ಕಿಹಾಕ್ಕೊಂಡಿದ್ರು. ಒಬ್ಬರನ್ನೇ ಕರ್ಕೊಂಡು ಬರೋಕೆ ಆಗ್ತಿತ್ತು."

ಯಾರನ್ನು ಎಂದು ರಾಯರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಕೈಯಲ್ಲಿದ್ದ ಬುಟ್ಟಿಯನ್ನು ಬೇಲಿಯ ಮೇಲಿಟ್ಟು, ಅವಳು ಮಾತಾಡಲೆಂದು ಕಾಯುತ್ತ ನಿಂತರು.